ಬಂಡೆಗೆ ಹೊಂಗೆ ನೆಟ್ಟ ದೊಡ್ಡಹನುಮಯ್ಯ

ದೊಡ್ಡಹನುಮಯ್ಯ ಸತ್ತದ್ದು ಹೊಂಗೆ ಸಸಿ ನೆಡಲು ಹೋಗಿ. ಮೂವತ್ತು ವರ್ಷ ಬಂಡೆ ಸಿಡಿಸಿ ಒಂದು ಬೆರಳನ್ನೂ ಕಳೆದುಕೊಳ್ಳದವನು, ಕ್ವಾರಿ ಮುಚ್ಚಿದ ಮೇಲೆ ಮದ್ದಿಗೆ ಸಿಕ್ಕಿ ಸತ್ತ. ಬರೆದು ನೋಡಿದರೂ ನನಗೆ ನಂಬಲಾಗುತ್ತಿಲ್ಲ.

ನಾನು ಬಿನ್ನಿಪೇಟೆಯ ಗಿರಣಿಯಲ್ಲಿ ಗುಮಾಸ್ತ. ಸುಂಕದಕಟ್ಟೆಯಲ್ಲಿ ನಮ್ಮಿಬ್ಬರ ಮನೆಗೆ ಒಂದೇ ಗೋಡೆ. ಅವನು ಒಡೆದ ಕಲ್ಲು ರಾಜಾಜಿನಗರದ ಮನೆಗಳಿಗೆ ಪಾಯವಾಗಿ ಹೋಗುತ್ತಿತ್ತು. ಎಪ್ಪತ್ತನಾಲ್ಕರಲ್ಲಿ ಕ್ವಾರಿ ಗುಂಡಿಯ ತಳದಿಂದ ನೀರು ಉಕ್ಕಿತು. ಕಂಟ್ರಾಕ್ಟರು ಲಾರಿಗಳನ್ನು ತಿರುಗಿಸಿಕೊಂಡು ಹೋದ. ಅತ್ತ ನಮ್ಮ ಬಾವಿಗಳು ಬತ್ತಿದವು. ಇತ್ತ ಗುಂಡಿಯ ತುಂಬ ನೀರು, ಆದರೆ ಮಳೆ ಬಂದಾಗಲೆಲ್ಲ ಸುತ್ತಲಿನ ಕಲ್ಲುಪುಡಿ ಕೊಚ್ಚಿಬಂದು ಸುಣ್ಣ ಕದಡಿದಂತಾಗುತ್ತಿತ್ತು. ದನ ಕೂಡ ಮೂಸುತ್ತಿರಲಿಲ್ಲ.

"ಬಾವಿ ಬತ್ತಿಸಿದ್ದು ನಾವೇ ಕಣಣ್ಣ," ಎಂದಿದ್ದ ದೊಡ್ಡಹನುಮಯ್ಯ. "ಅಷ್ಟು ಆಳ ತೋಡಿದ್ರೆ ನೀರೆಲ್ಲ ಇಲ್ಲಿಗೇ ಇಳಿಯತ್ತೆ. ಇಳಿದಿರೋದನ್ನಾದ್ರೂ ಜನ ಕುಡಿಯೋ ಹಂಗೆ ಮಾಡ್ಬೇಕು."

ಕೂಲಿಗೆ ಹೋಗಿ ಬಂದು, ಸಂಜೆ ಅದೇ ಕೆಲಸ. ಕೆರೆಯ ಗೋಡುಮಣ್ಣು ತಂದು ಕಲ್ಲುಪುಡಿಯ ಗುಡ್ಡೆಗಳ ಮೇಲೆ ಹರಡಿದ. ಪುಡಿ ನೀರಿಗೆ ಇಳಿಯದಂತೆ ಗುಂಡಿಯ ಅಂಚಿಗೆ ಮೊಣಕಾಲೆತ್ತರದ ಕಲ್ಲುಕಟ್ಟು ಹಾಕುತ್ತ ಬಂದ. ಬರೀ ಬಂಡೆ ಇದ್ದಲ್ಲಿ, ಹಿಂದೆ ಮದ್ದು ತುಂಬಲು ಕೊರೆದ ಕುಳಿಗಳನ್ನೇ ಉಳಿಯಿಂದ ಅಗಲ ಮಾಡಿ, ಗೋಡು ತುಂಬಿ ಹೊಂಗೆ ನೆಟ್ಟ. ಅವನ ಜೊತೆ ಕಲ್ಲು ಒಡೆದಿದ್ದ ಜಂಬಣ್ಣ ನಗುತ್ತಿದ್ದ.

"ಏನ್ಲಾ, ಬಂಡೆಗೆ ಗಡ್ಡ ಬೆಳೆಸ್ತಾ ಇದೀಯಾ?"

"ನಿನ್ನ ಬೋಳುತಲೇಲಿ ಬೆಳೀದೇ ಇದ್ದದ್ದು ಇಲ್ಲಿ ಬೆಳೆಯತ್ತೆ, ನೋಡ್ತಿರು."

ಮದ್ದು ಸಿಡಿಯದೆ ಉಳಿದ ಕುಳಿಗೆ ನೀರು ಹೊಯ್ದು, ಜೇಡಿಮಣ್ಣು ಮೆತ್ತಿ ಬಿಡುವುದು ಬಂಡೆಯವರ ಪದ್ಧತಿ. ಕರಿಮದ್ದು ನೀರು ಕುಡಿದರೆ ಮುಗಿಯಿತು, ಮತ್ತೆ ಹೊತ್ತುವುದಿಲ್ಲ. ಮೊನ್ನೆ ಭಾನುವಾರ ನಾವು ಮೂವರೂ ಅಲ್ಲಿದ್ದಾಗ ಅವನಿಗೆ ಅಂಥ ಕುಳಿಯೊಂದು ಸಿಕ್ಕಿತು.

"ಅದರ ತಂಟೆ ಬೇಡ ಕಣೋ," ಎಂದ ಜಂಬಣ್ಣ.

"ಎರಡು ಮಳೆಗಾಲ ನೀರು ಕುಡಿದಿದೆ. ಸತ್ತ ಮದ್ದಿಗೆ ಯಾಕೋ ಹೆದರ್ತೀಯಾ?"

ನಾನೂ ಜಂಬಣ್ಣನೂ ಸಸಿ ತರಲು ಕೆಳಗಿಳಿದೆವು. ಉಳಿಯ ಸದ್ದು ನಾಲ್ಕೈದು ಸಲ ಕೇಳಿತು. ಆಮೇಲೆ ಕೇಳಿದ ಸದ್ದನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಓಡಿ ಹೋದಾಗ ಅವನ ಟವೆಲ್ಲು ಮಡಚಿಟ್ಟಲ್ಲೇ ಇತ್ತು.

ಕ್ವಾರಿ ನಡೆದ ಕೊನೆಯ ತಿಂಗಳು ಕಂಟ್ರಾಕ್ಟರು ಬೇರೆ ತಂಡ ತಂದು ಆ ಮೂಲೆಯಲ್ಲಿ ಕರಿಮದ್ದಿನ ಬದಲು ಹೊಸ ಜೆಲಟಿನ್ ತೋಟಾ ಇಡಿಸಿದ್ದನಂತೆ. ಪೊಲೀಸರು ಹೇಳಿದರು. ಅದು ನೀರಿಗೆ ಸಾಯುವುದಿಲ್ಲವಂತೆ. ನಮ್ಮವರಿಗೆ ಯಾರೂ ಹೇಳಿರಲಿಲ್ಲ.

ಈಗ ಗುಂಡಿಯ ಸುತ್ತ ಮುಳ್ಳುಬೇಲಿ. ನಿನ್ನೆ ಮಳೆ ಬಂತು. ನಾನೂ ಜಂಬಣ್ಣನೂ ಬೇಲಿಯ ಹೊರಗೆ ನಿಂತು ನೋಡಿದೆವು. ದೊಡ್ಡಹನುಮಯ್ಯ ಕಟ್ಟು ಹಾಕಿದ ಕಡೆಯಿಂದ ಒಂದು ಹನಿ ಬಿಳಿ ನೀರೂ ಇಳಿಯಲಿಲ್ಲ. ಕಟ್ಟು ಅರ್ಧಕ್ಕೆ ನಿಂತುಹೋದ ಮೂಲೆಯಿಂದ ಮಾತ್ರ ಇಳಿಯುತ್ತಲೇ ಇತ್ತು. ನೋಡನೋಡುತ್ತ ಗುಂಡಿಯೆಲ್ಲ ಬೆಳ್ಳಗಾಯಿತು. ಅವನ ಹೆಂಡತಿ ನರಸಮ್ಮ ಗೋಡಿನ ಮಂಕರಿ ಹೊತ್ತು ಬಂದು ಬೇಲಿ ಸರಿಸಿದಳು.

"ಹೋಗ್ಬೇಡಿ, ಅಲ್ಲಿ ಇನ್ನೂ ಇರ್ಬಹುದು," ಎಂದು ಕೂಗಿದೆ.

"ಉಳಿ ಹಾಕಲ್ಲಣ್ಣ. ಮಣ್ಣು ಮಾತ್ರ ಹಾಕ್ತೀನಿ."

ಅವಳ ಹಿಂದೆ ಹೋಗಬೇಕಿತ್ತು. ನಮ್ಮಿಬ್ಬರ ಕಾಲೂ ಏಳಲಿಲ್ಲ.