ನಾಯಕನ ಎಂಜಲು

ಮನುಷ್ಯ ಯಾರ ಹಾಗೆ ಬದುಕಬೇಕು ಎಂಬ ಪ್ರಶ್ನೆಗೆ ಆಗೆಲ್ಲ ಉತ್ತರ ಬಹಳ ಸುಲಭವಾಗಿ ಸಿಗುತ್ತಿತ್ತು. ಬೇಸಿಗೆ ಬಂತೆಂದರೆ ಹಾರನಹಳ್ಳಿಯ ಹೊರಗೆ ಟೆಂಟ್ ಸಿನಿಮಾ ಬಂದು ನಿಲ್ಲುತ್ತಿತ್ತು. ಮರಳ ಮೇಲೆ ಕೂತು ಕತ್ತೆತ್ತಿದರೆ ಸಾಕು, ಉತ್ತರವೇ ಕುದುರೆ ಏರಿ ಪರದೆಯ ಮೇಲೆ ಬರುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತಿದು. ಆ ನಾಯಕನ ಹೆಸರು ಇಲ್ಲಿ ಬೇಡ. ಅಭಿಮಾನಿಗಳಿಗೆ ವಯಸ್ಸಾಗಿದೆ ನಿಜ, ಆದರೆ ಕೈಗಳು ಇನ್ನೂ ಆಡುತ್ತವೆ.

ನನಗಾಗ ಹನ್ನೊಂದು ವರ್ಷ. ಟೆಂಟಿಗೆ ಕರೆದೊಯ್ಯುತ್ತಿದ್ದವಳು ನಮ್ಮ ಸರೋಜಕ್ಕ. ಅವಳ ಸೆರಗಿನ ಗಂಟಿನಲ್ಲಿ ಹುರಿಗಡಲೆ, ಬೆಲ್ಲ. ಸುತ್ತ ಬೀಡಿಯ ಹೊಗೆ, ಬೆವರು, ಮಲ್ಲಿಗೆ, ಯಾರದೋ ಕೂಸು ಉಚ್ಚೆ ಹೊಯ್ದ ಮರಳು. ಇಷ್ಟರ ನಡುವೆ ನಾಯಕ ತಾಯಿಯ ಪಾದ ಹಿಡಿದು ಕಣ್ಣೀರಿಡುತ್ತಿದ್ದ. ಅಕ್ಕ ಅಳುತ್ತಿದ್ದಳು. ನಾನು ಅಳುತ್ತಿರಲಿಲ್ಲ, ಸಂಕಲ್ಪ ಮಾಡುತ್ತಿದ್ದೆ.

ಸಂಕಲ್ಪ ಮನೆಯಲ್ಲಿ ಜಾರಿಗೆ ಬಂತು. ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಅವ್ವನ ಕಾಲಿಗೆ ಬಿದ್ದೆ. ಅವ್ವ ಎರಡು ಹೆಜ್ಜೆ ಹಿಂದೆ ಸರಿದು, "ಏನ್ಲಾ ಒಡ್ದಾಕ್ದೆ? ಮೊದ್ಲು ಅದ್ನ ಹೇಳು" ಅಂದಳು. ಮಧ್ಯಾಹ್ನ ಮುದ್ದೆಯ ಮೊದಲ ತುತ್ತನ್ನು ಅವಳ ಬಾಯಿಗೆ ಹಿಡಿದೆ. ನಾಯಕ ತಾಯಿಗೆ ಕೊಡದೆ ಏನನ್ನೂ ಮುಟ್ಟುತ್ತಿರಲಿಲ್ಲ. "ಒಲೆ ಮುಂದೆ ಬೇಯ್ತಾ ಇವ್ನಿ, ಅತ್ಲಾಗ್ ಹೋಗಿ ಉಣ್ಣಲಾ" ಎಂಬ ಆಶೀರ್ವಾದ ಸಿಕ್ಕಿತು. ಅಜ್ಜಿಯಂತೂ ತುತ್ತು ಹಿಡಿದಿದ್ದ ಕೈ ನೋಡಿ, "ಎಂಜಲ ಕೈಯಾಗೆ ಪಾತ್ರೆ ಮುಟ್ಟೀಯ!" ಎಂದು ಕೂಗಿದಳು.

ಎಂಜಲು ನಮ್ಮ ಮನೆಯ ಕಾನೂನು, ಅಜ್ಜಿ ಅದರ ಅಮಲ್ದಾರಳು. ಲೋಟವನ್ನು ಕಚ್ಚಿ ಕುಡಿಯುವಂತಿಲ್ಲ, ಎತ್ತಿ ಕುಡಿಯಬೇಕು. ಸೀಬೆಹಣ್ಣನ್ನು ಗೆಳೆಯನಿಗೆ ಕೊಡಬೇಕಾದರೆ ಅಂಗಿಯ ತುದಿ ಮುಚ್ಚಿ ಕಡಿಯಬೇಕು. ಅದು ಕಾಗೆ ಎಂಜಲು, ಅದಕ್ಕೆ ದೋಷವಿಲ್ಲ. ಅಂಗಿಯ ಕೊಳೆಗೂ ದೋಷವಿರಲಿಲ್ಲ.

ಆ ಬೇಸಿಗೆಯಲ್ಲೇ ಬೇಲೂರಿನ ಮಾವ, ಅವ್ವನ ತಮ್ಮ, ಅಕ್ಕನಿಗೊಂದು ಗಂಡು ತಂದ. ಹಳೇಬೀಡಿನ ಜವಳಿ ಅಂಗಡಿಯವರ ಮಗ, ಪ್ರಭಾಕರ.

"ಹುಡ್ಗ ಅಂದ್ರೆ ಆ ಸಿನಿಮಾ ನಾಯಕ್ನೇ ಕಣ್ ಭಾವ" ಎಂದ ಮಾವ. "ಬೀಡಿ ಇಲ್ಲ, ಎಲೆಅಡಿಕೆ ಇಲ್ಲ. ಎಲ್ಲಾ ಅವರ ಥರಾನೇ ನಡೀತಾನೆ. ವರದಕ್ಷಿಣೆ ಮುಟ್ಟಲ್ವಂತೆ."

ಕೊನೆಯ ಮಾತು ಕೇಳಿ ಅಪ್ಪ ಎದ್ದು ಕೂತರು. ನನಗೆ ಮೊದಲ ಮಾತೇ ಸಾಕಾಗಿತ್ತು. ನಾಯಕ ನಮ್ಮ ಮನೆಗೇ ಭಾವನಾಗಿ ಬರುವುದು ಸಣ್ಣ ಸಂಗತಿಯೇ? ಅಕ್ಕನನ್ನು ಯಾರೂ ಕೇಳಲಿಲ್ಲ. ಕೇಳುವ ಪದ್ಧತಿಯಿರಲಿಲ್ಲ. ಗಂಡು ಒಪ್ಪಿದರೆ ಅವಳು ಹೋಗಬೇಕು, ಅಷ್ಟೇ.

ಬಂದದ್ದು ತಾಯಿ, ಮಗ ಇಬ್ಬರೇ. ಹುಬ್ಬಿನ ಮೇಲೆ ಇಳಿಬಿಟ್ಟ ಅದೇ ಕೂದಲೆಳೆ, ಒಂದು ಭುಜ ಮುಂದೆ ಮಾಡಿದ ಅದೇ ನಡಿಗೆ. ನಮ್ಮ ಹೊಸ್ತಿಲು ದಾಟುವಾಗ ಆತ ಒಂದು ಕ್ಷಣ ನಿಂತ. ಟೆಂಟಿನಲ್ಲಾದರೆ ಅಲ್ಲಿ ಚಪ್ಪಾಳೆ ಬೀಳುತ್ತಿತ್ತು. ನಾನು ಬಾರಿಸಿಯೂಬಿಟ್ಟೆ. ಅಪ್ಪ ಕಣ್ಣು ಬಿಟ್ಟರು.

ಬೆಂಚಿನ ಮೇಲೆ ಕೂತು ಆತ ಮಾತಾಡತೊಡಗಿದ. ಹಳೇಬೀಡಿನಿಂದ ಬಂದ ಬಸ್ಸಿನಲ್ಲಿ ಅಂಥ ಕನ್ನಡ ಇಳಿದದ್ದು ಅದೇ ಮೊದಲಿರಬೇಕು.

"ಮಾತೆಯೇ ನನ್ನ ಮೊದಲ ದೈವ. ಅವರಿಗೆ ಅರ್ಪಿಸದೆ ನಾನು ಯಾವ ವಸ್ತುವನ್ನೂ ಸ್ವೀಕರಿಸುವುದಿಲ್ಲ."

ಅವರಮ್ಮ ಗೌರಮ್ಮನವರು ಸೆರಗಿನಿಂದ ಕಣ್ಣೊತ್ತಿಕೊಂಡರು. ಅಪ್ಪ, ಮಾವ ತಲೆದೂಗಿದರು. ಅಕ್ಕ ಕಂಬದ ಪಕ್ಕ ತಲೆ ತಗ್ಗಿಸಿ ನಿಂತಿದ್ದಳು.

"ಹೆಣ್ಣಿಗೆ ಸಹನೆಯೇ ಆಭರಣ" ಆತ ಮುಂದುವರಿಸಿದ. "ಅಹಂಕಾರ ತೋರಿದರೆ ಒಂದೇ ಒಂದು ಪೆಟ್ಟು. ಆಮೇಲೆ ಅವಳೇ ಕಾಲು ಹಿಡಿಯುತ್ತಾಳೆ. ಹೃದಯ ಪರಿವರ್ತನೆ!"

ಅದಕ್ಕೂ ಹಿರಿಯರು ತಲೆದೂಗಿದರು. ಆ ಪೆಟ್ಟು ನನಗೆ ಗೊತ್ತಿತ್ತು. ಹಿಂದಿನ ವಾರವಷ್ಟೇ ಟೆಂಟಿನಲ್ಲಿ ಅದು ಬಿದ್ದಾಗ ಹಾರನಹಳ್ಳಿಗೆ ಹಾರನಹಳ್ಳಿಯೇ ಶಿಳ್ಳೆ ಹೊಡೆದಿತ್ತು. ಪರದೆಯ ಮೇಲೆ ಆ ಕೆನ್ನೆ ಯಾರದೋ ಆಗಿತ್ತು. ಈಗ ಕಂಬದ ಪಕ್ಕ ನೋಡಿದೆ. ಅಲ್ಲಿದ್ದದ್ದು ಅಕ್ಕನ ಕೆನ್ನೆ.

ನಮ್ಮ ಕಡೆ ಮಾತು ಗಟ್ಟಿಯಾಗುವ ತನಕ ಗಂಡಿನ ಕಡೆಯವರು ಹೆಣ್ಣಿನ ಮನೆಯಲ್ಲಿ ಉಣ್ಣುವುದಿಲ್ಲ. ಎಳನೀರಿಗೆ ಮಾತ್ರ ಅಡ್ಡಿಯಿಲ್ಲ. ಅದು ಒಲೆಯದಲ್ಲ, ಮರದ್ದು. ಅಪ್ಪ ಮಚ್ಚಿನಿಂದ ಕೆತ್ತಿ ಕೊಟ್ಟರು. ಗೌರಮ್ಮನವರು "ನಂಗ್ ಶೀತ, ಒಲ್ಲೆ" ಅಂದರು. ಮಗ ಬುರುಡೆಯನ್ನು ಎರಡೂ ಕೈಯಲ್ಲಿ ಹಿಡಿದು ತುಟಿ ಒತ್ತಿ, ಕಚ್ಚಿಯೇ ಕುಡಿದ. ಎಮ್ಮೆ ಕಲಗಚ್ಚು ಹೀರುವ ಸದ್ದು. ಗಲ್ಲದಿಂದ ತೊಟ್ಟಿಕ್ಕಿತು. ಮೀಸೆಗೆ ಗಂಜಿಯ ಲೋಳೆ ಚೂರೊಂದು ಅಂಟಿ ತೂಗಾಡುತ್ತಿತ್ತು. ಬಾಯಲ್ಲಿದ್ದ ನೀರು ಕೊಂಚ ಮರಳಿ ಬುರುಡೆಯೊಳಗೇ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ.

ಅರ್ಧ ಕುಡಿದು ನಿಲ್ಲಿಸಿದ. ಬುರುಡೆಯನ್ನು ಅಕ್ಕನ ಕಡೆ ಚಾಚಿದ.

"ಸ್ವೀಕರಿಸು, ಸರೋಜಾ."

ಆ ಬೇಸಿಗೆಯ ಚಿತ್ರ ನೋಡಿದವರಿಗೆಲ್ಲ ಇದು ಗೊತ್ತು. ನಾಯಕ ಅರ್ಧ ಕುಡಿದು ಕೊಟ್ಟ ಎಳನೀರನ್ನು ನಾಯಕಿ ಕಣ್ಣು ಮುಚ್ಚಿ ಕುಡಿಯುತ್ತಾಳೆ, ಹಾಡು ಶುರುವಾಗುತ್ತದೆ. ನಮ್ಮ ಮನೆಯಲ್ಲಿ ಹಾಡು ಶುರುವಾಗಲಿಲ್ಲ. ನಾನು ಅಜ್ಜಿಯ ಮುಖ ನೋಡಿದೆ. ಲೋಟಕ್ಕೆ ತುಟಿ ತಾಗಿದರೆ ಬೂದಿ ಹಾಕಿ ಉಜ್ಜಿಸುತ್ತಿದ್ದ ಅಮಲ್ದಾರಳು ತನ್ನ ಕಾಲಿನ ಬೆರಳು ನೋಡುತ್ತಿದ್ದಳು. ಅವ್ವ ಸೂರು ನೋಡುತ್ತಿದ್ದಳು. ಅಪ್ಪ ನಗುತ್ತಿದ್ದರು. ವರದಕ್ಷಿಣೆ ಬೇಡವೆನ್ನುವವನ ಎಂಜಲು ಎಂಜಲಲ್ಲ ಎಂದು ಆ ಕ್ಷಣ ಕಾನೂನು ತಿದ್ದುಪಡಿಯಾಗಿತ್ತು. ಆ ಮೀಸೆಗಿಂತ ಹೆಚ್ಚು ಹೇಸಿಗೆಯಾದದ್ದು ಆ ನಗು.

"ಈಸ್ಕೊಳ್ಳವ್ವಾ" ಎಂದ ಮಾವ.

ಅಕ್ಕ ಮುಂದೆ ಬಂದು ಬುರುಡೆ ತಗೊಂಡಳು. ಕುಡಿದೇಬಿಡುತ್ತಾಳೆಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಅವಳು ಗೌರಮ್ಮನವರ ಎದುರು ಬಗ್ಗಿ ನಿಂತು ಎರಡು ಕೈಯಲ್ಲಿ ಬುರುಡೆ ಹಿಡಿದಿದ್ದಳು.

"ಮೊದ್ಲು ನೀವು ಕುಡೀರಿ ಅತ್ತೆ. ತಾಯಿಗ್ ಕೊಡ್ದಲೆ ಏನೂ ಮುಟ್ಟಲ್ಲ ಅಂದ್ರಲ್ಲ, ಪಾಪ, ಮರ್ತುಬುಟ್ಟವ್ರೆ."

ಗೌರಮ್ಮನವರು ಬುರುಡೆಯೊಳಗೆ ಇಣುಕಿದರು. ಅಲ್ಲಿ ಏನು ತೇಲುತ್ತಿತ್ತೋ, ಮುಖ ಕಿವುಚಿ ಹೋಯಿತು.

"ಥೂ! ಎಂಜಲ ಯಾರಾದ್ರೂ ಕುಡೀತಾರೇನೇ?"

ಅಂದಮೇಲೆ ಅವರಿಗೆ ಗೊತ್ತಾಯಿತು, ಏನಂದೆ ಎಂದು. ಮಗನ ಬಾಯಿಂದ ಬಂದದ್ದು ಅಪ್ಪಟ ಅಂಗಡಿ ಕನ್ನಡ: "ಅವ್ವಾ, ನೀ ಸುಮ್ಕಿರವ್ವಾ ಒಸಿ!" ಕೂದಲೆಳೆ ಹಿಂದಕ್ಕೆ ಹೋಯಿತು, ಭುಜ ಎರಡೂ ಸಮವಾದವು. ಬೆಂಚಿನ ಮೇಲೆ ಮೀಸೆ ಒರೆಸಿಕೊಳ್ಳುತ್ತಿದ್ದವನು ಯಾರೋ ಒಬ್ಬ ಪ್ರಭಾಕರ. ಅಕ್ಕ ಬುರುಡೆಯನ್ನು ಹಿತ್ತಲಿಗೆ ಒಯ್ದು ಎಮ್ಮೆಯ ಬಾನಿಗೆ ಸುರಿದಳು.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ನಾಲ್ಕೈದು ದಿನದ ಮೇಲೆ ಮಾವ ಮತ್ತೆ ಬಂದ. ಮುಖ ಅರಳಿತ್ತು.

"ಹುಡ್ಗ ಒಪ್ಪವ್ನೆ ಭಾವ! ಜಂಬದ ಹೆಣ್ಣೇ ಬೇಕಂತೆ. ಪಳಗಿಸ್ಕೊಂತೀನಿ ಅಂತಾನೆ."

ಸಿನಿಮಾದಲ್ಲಿ ಇಂಟರ್‌ವಲ್ಲಿಗೆ ಮುಂಚೆ ನಾಯಕಿ ಜಂಬದವಳೇ ಇರಬೇಕಲ್ಲವೇ, ಆ ಲೆಕ್ಕ. ಅಪ್ಪ ಯೋಚಿಸಿದರು. ಒಳ್ಳೆಯ ಮನೆ, ಅಂಗಡಿ, ವರದಕ್ಷಿಣೆಯಿಲ್ಲ. ಅವರ ತಲೆ ತೂಗುವುದಕ್ಕೆ ಶುರುವಾಯಿತು.

ಅಕ್ಕ ಕಲ್ಲಿನ ಮುಂದೆ ಖಾರ ಅರೆಯುತ್ತಿದ್ದಳು. ಕೈ ನಿಲ್ಲಿಸದೆ, ತಲೆ ಎತ್ತದೆ ಹೇಳಿದಳು: "ಮಾವ, ಅವರವ್ವ ಆ ನೀರು ಕುಡಿದ ದಿನ ಬತ್ತೀನಿ ಅಂತ ಹೇಳಿ."

"ಮುಚ್ಚೇ ಬಾಯ!" ಎಂದರು ಅಪ್ಪ.

ಆಗ ಅಜ್ಜಿ ಮೂಲೆಯಿಂದ ಎದ್ದಳು. ಅಷ್ಟು ದಿನ ಅವಳು ಸರಿಯಾಗಿ ಉಂಡಿರಲಿಲ್ಲ. "ನೀ ಮುಚ್ಚಲಾ" ಅಂದಳು ತನ್ನ ಮಗನಿಗೆ. "ಅವತ್ತು ನಾನೂ ಸುಮ್ಕಿದ್ದೆ, ಥೂ ನನ್ ಬಾಯಿಗಷ್ಟು. ಎಂಜಲು ಕುಡ್ಸೋ ಮನೆಗೆ ಮಗೀನ ಕಳ್ಸಿದ್ರೆ ನಿನ್ ಕೈ ನೀರು ಮುಟ್ಟಕಿಲ್ಲ ನಾನು."

ಅಜ್ಜಿ ನೀರು ಬಿಟ್ಟರೆ ಬಿಟ್ಟಳೇ ಎಂಬುದು ಅಪ್ಪನಿಗೆ ಗೊತ್ತಿತ್ತು. ಸಂಬಂಧ ನಿಂತಿತು. ಅಕ್ಕನಿಗೆ ಬಾಯಿ ಜೋರು ಎಂದು ಹಳೇಬೀಡಿನಿಂದ ಅರಸೀಕೆರೆವರೆಗೆ ಹೆಸರಾಗಿ, ಎರಡು ವರ್ಷ ಯಾರೂ ನೋಡಲು ಬರಲಿಲ್ಲ. ಕಡೆಗೆ ಬಂದವರು ಅರಸೀಕೆರೆ ಸ್ಟೇಷನ್ನಿನ ಒಬ್ಬ ಗುಮಾಸ್ತರು. ಯಾವ ಸಿನಿಮಾಕ್ಕೆ ಕರೆದೊಯ್ದರೂ ಹೆಸರು ತೋರಿಸುವುದು ಮುಗಿಯುವುದರೊಳಗೆ ಗೊರಕೆ ಹೊಡೆಯುವ ಸತ್ಪುರುಷ.

ಈಗ ಟೆಂಟಿಲ್ಲ, ಆ ಜಾಗದಲ್ಲಿ ಕೊಬ್ಬರಿ ಗೋದಾಮು ಎದ್ದಿದೆ. ಅಜ್ಜಿ ಇಲ್ಲ, ಅಪ್ಪ ಇಲ್ಲ. ನಾಯಕನೂ ಇಲ್ಲ. ಅಕ್ಕನ ಮನೆಗೆ ಹೋದಾಗ ಮಧ್ಯಾಹ್ನದ ಟಿವಿಯಲ್ಲಿ ಅವನ ಚಿತ್ರ ಬಂದರೆ ಅವಳು ಕೂತು ನೋಡುತ್ತಾಳೆ, ತಾಯಿಯ ಕಾಲು ಹಿಡಿದಾಗ ಮೊದಲಿನ ಹಾಗೇ ಅಳುತ್ತಾಳೆ. ನಾನು ಎದ್ದು ಹೊರಗೆ ಹೋಗುತ್ತೇನೆ.

"ಅವರೇನ್ ಮಾಡಿದ್ರು ಕಣೋ, ಪಾಪ?" ಎನ್ನುತ್ತಾಳೆ.

ನಿಜವೇ. ಅವಳು ಗಂಡನ್ನು ಬೇಡವೆಂದಳು, ನಾಯಕನನ್ನು ಉಳಿಸಿಕೊಂಡಳು. ಆ ವಿದ್ಯೆ ನನಗೆ ಒಲಿಯಲಿಲ್ಲ. ಆಮೇಲೆ ಎಷ್ಟೋ ದೊಡ್ಡವರನ್ನು ಕಂಡೆ: ವೇದಿಕೆಯ ಮೇಲೆ, ಆಫೀಸಿನಲ್ಲಿ, ಮಠದಲ್ಲಿ. ಎಲ್ಲರಿಗೂ ಕೈ ಮುಗಿದೆ; ಮುಗಿಯುತ್ತಲೇ ಅವರ ಬಾಯಿಯ ಕಡೆ ನೋಡಿದೆ. ಅಕ್ಕ ಅವತ್ತು ಏನನ್ನೂ ಕಳೆದುಕೊಳ್ಳಲಿಲ್ಲ. ಹನ್ನೊಂದನೆಯ ವಯಸ್ಸಿನ ಆ ಬೇಸಿಗೆಯ ಬೆಳಿಗ್ಗೆಗಳಲ್ಲಿ, ಏಳುವಾಗಲೇ, ಯಾರ ಹಾಗೆ ಆಗಬೇಕೆಂಬುದು ನನಗೆ ಸ್ಪಷ್ಟವಾಗಿ ಗೊತ್ತಿರುತ್ತಿತ್ತು. ಮತ್ತೆಂದೂ ಹಾಗೆ ಗೊತ್ತಾಗಲಿಲ್ಲ.