ಸೇತುವೆಯಮ್ಮನ ಬೀಗದ ಕೈ

ಕಾಲುವೆಯ ಮೇಲಿನ ತಿರುಗು ಸೇತುವೆಗೆ ಯಜಮಾನಿ ಅಂದರೆ ಅವಳೇ. ದೋಣಿ ಬಂದರೆ ಚಕ್ರ ತಿರುಗಿಸಿ ಸೇತುವೆಯನ್ನು ಪಕ್ಕಕ್ಕೆ ಸರಿಸಬೇಕು, ರೈಲು ಬಂದರೆ ಮತ್ತೆ ಕೂಡಿಸಿ ಬೀಗ ಹಾಕಬೇಕು. ಬೀಗ ಬೀಳದೆ ಸಿಗ್ನಲ್ಲಿನ ಕೈಮರ ಇಳಿಯುವುದಿಲ್ಲ, ಕೈಮರ ಇಳಿಯದೆ ರೈಲು ಮುಂದಕ್ಕೆ ಬರುವುದಿಲ್ಲ. ರಜೆಗೆಂದು ಬಂದವರು ಹಳೇ ಉಗಿಬಂಡಿ ಹತ್ತಿ ಸಮುದ್ರದ ಕಡೆ ಹೊರಟಾಗ ಕಿಟಕಿಯಿಂದ "ಸೇತುವೆಯಮ್ಮಾ" ಎಂದು ಕೂಗಿ ಫೋಟೋ ತೆಗೆಯುತ್ತಿದ್ದರು. ಅವಳು ಮಾತ್ರ ಜಪ್ಪಯ್ಯ ಅಂದರೂ ನಗುತ್ತಿರಲಿಲ್ಲ. ಕೆಲಸದ ಹೊತ್ತಲ್ಲಿ ಹಲ್ಲು ಕಿರಿಯೋಕಾಗುತ್ತಾ?

ಗಂಡ ಪ್ರವಾಸಿಗರ ದೋಣಿ ನಡೆಸುವವನು. ಒಮ್ಮೆ ಅವನ ದೋಣಿಯನ್ನೇ ಮಟಮಟ ಮಧ್ಯಾಹ್ನ ಬಿಸಿಲಲ್ಲಿ ಕಾಯಿಸಿದ್ದಳು. ಗಂಡ ಅಂತ ಮುಲಾಜೇ ಇಲ್ಲ! ಅವನು ಗೊಣಗುತ್ತಲೇ ಕಾದ, ಸಂಜೆ ಅದನ್ನೇ ಹೆಮ್ಮೆಯಿಂದ ಊರೆಲ್ಲ ಹೇಳಿಕೊಂಡು ತಿರುಗಿದ.

ಅವಳಿಗಿದ್ದದ್ದು ಒಂದೇ ಆಸೆ. ಸಮುದ್ರವಲ್ಲ, ಅದನ್ನು ಬಸ್ಸಲ್ಲಿ ಹೋಗಿ ಕಣ್ತುಂಬ ನೋಡಿಯಾಗಿತ್ತು. ರೈಲಿನ ಕಿಟಕಿ ಪಕ್ಕ ಕೂತು ತನ್ನ ಸೇತುವೆ ದಾಟಬೇಕು. ಆದರೆ ರೈಲು ದಾಟುವಾಗಲೆಲ್ಲ ಅವಳು ಕೆಳಗೆ ನಿಂತಿರಲೇಬೇಕಲ್ಲ! ಈ ರಜೆ ಮುಗಿದರೆ ಎಂಜಿನ್ ದೊಡ್ಡ ರಿಪೇರಿಗೆ ಹೋಗುತ್ತದೆ, ಮತ್ತೆ ಯಾವ ಕಾಲಕ್ಕೆ ಬರುತ್ತದೋ ದೇವರೇ ಬಲ್ಲ. ಅದಕ್ಕೇ ಗಂಡ ಮೇಲಿನವರ ಕೈಕಾಲು ಹಿಡಿದು, ಕೊನೆಯ ದಿನ ಅವಳ ಬದಲು ತಾನು ನಿಲ್ಲಲು ಒಪ್ಪಿಗೆ ತಂದ.

ಆ ದಿನ ಅವಳು ಹೊಸ ಚಪ್ಪಲಿ ಮೆಟ್ಟಿ, ಊಟದ ಡಬ್ಬಿ ಹಿಡಿದು ಸ್ಟೇಷನ್ನಿಗೆ ಹೋದಳು. ರೈಲಿನ ಕೂಗು ಕೇಳುತ್ತಲೇ ಅವನು ಚಕ್ರ ತಿರುಗಿಸಿ ಸೇತುವೆ ಕೂಡಿಸಿದ. ಇನ್ನೇನು ಬೀಗ ಹಾಕಬೇಕು. ಬೀಗದ ಕೈ? ಜೇಬೆಲ್ಲ ತಡಕಿದ. ಅದು ಸದಾ ಅವಳ ಸೊಂಟದಲ್ಲೇ ಇರುವಂಥದ್ದು. ಕೊಡಬೇಕೆಂದು ಅವಳಿಗೂ ಹೊಳೆದಿರಲಿಲ್ಲ, ಕೇಳಬೇಕೆಂದು ಇವನಿಗೂ ಹೊಳೆದಿರಲಿಲ್ಲ. ಒಳ್ಳೇ ಜೋಡಿ!

ರೈಲು ಕೈಮರದ ಹತ್ತಿರ ನಿಂತುಬಿಟ್ಟಿತು. ಅವಳು ಇಳಿದು ಜಲ್ಲಿಕಲ್ಲಿನ ಮೇಲೆ ದಡಬಡ ಬಂದಳು.

"ಅಯ್ಯೋ, ನನ್ನ ತಲೆಗಿಷ್ಟು! ಸೊಂಟದಲ್ಲೇ ಇದೆ ಕಣ್ರೀ."

"ಕೊಡು ಇಲ್ಲಿ, ನೀನು ಹೋಗಿ ಕೂತ್ಕೋ."

"ನೀವು ಸುಮ್ನಿರಿ. ಒಂದೇ ನಿಮಿಷ."

ಬೀಗ ಹಾಕಿದಳು, ಕೈಮರ ಎಳೆದಳು, ಅವನ ಕೈಲಿದ್ದ ಹಸಿರು ಬಾವುಟ ಕಿತ್ತುಕೊಂಡು ಬೀಸಿಯೇಬಿಟ್ಟಳು. ಕೈಗೆ ಅದೇ ಅಭ್ಯಾಸ, ಏನು ಮಾಡುವುದು? ಡ್ರೈವರನೂ ಬಾವುಟ ಕಂಡದ್ದೇ ಬಂಡಿ ಬಿಟ್ಟ. ಖಾಲಿ ಸೀಟೂ ಅದರ ಮೇಲಿನ ಊಟದ ಡಬ್ಬಿಯೂ ಕಣ್ಣೆದುರೇ ದಾಟಿಹೋದವು.

"ನನ್ನ ರೈಲನ್ನ ನಾನೇ ಕಳಿಸಿದೆನಲ್ರೀ..." ಎಂದು ಅಲ್ಲೇ ಕುಸಿದು ಕೂತಳು. ಬೇರೆ ದಿನವಾಗಿದ್ದರೆ ಅವನು ಹೊಟ್ಟೆ ಹಿಡಿದು ನಗುತ್ತಿದ್ದ. ಅವಳ ಕಣ್ಣಲ್ಲಿ ನೀರು ನೋಡಿ ಅವನೂ ಪಕ್ಕದಲ್ಲೇ ಕೂತ. "ಮನೆಗೆ ಹೋಗಿ ನೀವು, ನಾನೇ ನೋಡ್ಕೋತೀನಿ" ಅಂದಳು. ಅವನು ಹೋಗಲಿಲ್ಲ.

ಸಂಜೆ ಸಮುದ್ರದ ಕಡೆಯಿಂದ ಅದೇ ರೈಲು ವಾಪಸ್ಸು ಬಂತು. ಅದೇ ಕೊನೆಯದು. ಅವಳು ಬೀಗ ಹಾಕಿ, "ಕೈಮರ ಎಳೀರಿ" ಅಂದಳು. ಅವನು ಕೈಮರದ ಹಿಡಿಗೆ ಬೆನ್ನು ಕೊಟ್ಟು ನಿಂತ.

"ಎಳೀರೀ! ಕಾರಣ ಇಲ್ಲದೆ ರೈಲು ತಡೀಬಾರದು."

"ಕಾರಣ ಇದೆ."

ಸೇತುವೆಯ ಆಚೆ ರೈಲು ಏದುಸಿರು ಬಿಡುತ್ತ ನಿಂತಿತು. ಡ್ರೈವರ್ ತಲೆ ಹೊರಹಾಕಿ, "ಏನಾಯ್ತಣ್ಣಾ?" ಎಂದು ಕೂಗಿದ.

"ಒಬ್ಬರು ಹತ್ತೋದಿದೆ ಕಣಪ್ಪಾ!"

ಅವಳು ಗಂಡನನ್ನೂ ರೈಲನ್ನೂ ನೋಡಿದಳು. ಕೈ ಸೊಂಟಕ್ಕೆ ಹೋಯಿತು. ಬೀಗದ ಕೈ ಬಿಚ್ಚಿ ಅವನ ಅಂಗೈಗೆ ಇಟ್ಟಳು, ಆದರೆ ಬೆರಳು ಸಡಿಲಿಸಲಿಲ್ಲ.

"ಕಳೆದು ಗಿಳೆದೀರಿ."

"ನುಂಗ್ಬಿಡ್ತೀನಿ ಬೇಕಾದ್ರೆ. ಹೋಗೇ ಮೊದಲು!"

ಅವಳು ಚಪ್ಪಲಿ ಕೈಯಲ್ಲಿ ಹಿಡಿದು, ಚಿಕ್ಕ ಹುಡುಗಿಯಂತೆ ಸೇತುವೆಯ ಮೇಲೆ ಓಡಿದಳು. ಯಾರೋ ಕೈಕೊಟ್ಟು ಹತ್ತಿಸಿಕೊಂಡರು. ಅವನು ಕೈಮರ ಎಳೆದ, ಬಾವುಟ ಬೀಸಿದ. ಸೇತುವೆ ಗಡಗಡ ನಡುಗಿತು. ಕಿಟಕಿಯಲ್ಲಿ ಅವಳು ಬಂದಳು, ಬಗ್ಗಿ ಕೆಳಗಿನ ನೀರನ್ನೂ ಚಕ್ರವನ್ನೂ ನೋಡುತ್ತ ಬಾಯಿ ತುಂಬ ನಗುತ್ತಿದ್ದಳು. ಹಲ್ಲೆಲ್ಲ ಕಾಣುವ ಹಾಗೆ!

ಎದುರಿಗೆ ಬಂದದ್ದೇ ತಡ, ಅವಳು ನಗು ನಿಲ್ಲಿಸಿ ಕಿರುಚಿದಳು: "ಬಾವುಟ ನೆಟ್ಟಗೆ ಹಿಡೀರೀ!"

ಅವನು ಕಣ್ಣೊರೆಸಿಕೊಂಡು ನೆಟ್ಟಗೆ ಹಿಡಿದ.