ಕಾಲಿಗೆ ತಾಗಿದ ಕೋಲು

ನನ್ನ ಪಾಪಗಳಲ್ಲಿ ಧ್ವನಿಮುದ್ರಿತವಾಗಿರುವುದು ಒಂದೇ. ಅದರಲ್ಲೂ ಮಾಡಿದವಳು ಬೇರೆಯವಳು. ಕಲಿಸಿದವಳು ನಾನು.

ಎಂಬತ್ತರ ದಶಕದ ಮೊದಲ ವರ್ಷಗಳು. ನನಗೆ ಹದಿನೇಳು. ಅಮೆರಿಕದ ಹೇವರ್ಡ್‌ನ ಗೋದಾಮುಗಳ ನಡುವೆ ಒಂದು ಖಾಲಿ ಪಾರ್ಕಿಂಗ್ ಲಾಟಿನಲ್ಲಿ ವಾರಾಂತ್ಯಗಳಂದು ನೂರಕ್ಕೂ ಮಿಕ್ಕಿದ ಹುಡುಗ ಹುಡುಗಿಯರು ಬ್ಯೂಗಲ್ ಊದುತ್ತ, ಡ್ರಮ್ಮು ಬಡಿಯುತ್ತ, ಬಾವುಟ ತಿರುಗಿಸುತ್ತ ಹೆಜ್ಜೆ ಹಾಕುತ್ತಿದ್ದೆವು. ಐದು ಗಜಕ್ಕೆ ಎಂಟು ಹೆಜ್ಜೆ. ಏಳೂವರೆಯಲ್ಲ, ಎಂಟೂಕಾಲಲ್ಲ. ಇದಕ್ಕೆ ಡ್ರಮ್ ಕೋರ್ ಎಂದು ಹೆಸರು. ಬ್ಯಾಂಡು ಎಂದರೆ ಅಲ್ಲಿಯವರ ಮುಖ ಕೆಂಪಗಾಗುತ್ತಿತ್ತು. ನಮ್ಮಪ್ಪ ಮಾತ್ರ ಕೊನೆಯವರೆಗೂ ಅದನ್ನು ವಾಲಗ ಎಂದೇ ಕರೆದರು; ಆ ಪದ ಯಾರಿಗೂ ಅರ್ಥವಾಗದ್ದರಿಂದ ಬಚಾವಾದರು.

ನನ್ನ ಪಾಲಿಗೆ ಬಂದದ್ದು ಸಿಂಬಲ್ಲು. ಊಟದ ತಟ್ಟೆಗಿಂತ ಅಗಲವಾದ ಎರಡು ಕಂಚಿನ ತಾಳಗಳು, ಹಿಡಿಯಲು ಚರ್ಮದ ಪಟ್ಟಿ.

"ತಾಳ ಹಾಕಕ್ಕೆ ಅಷ್ಟು ದೂರ ಫ್ರೀವೇಲಿ ಹೋಗ್ಬೇಕೇನೇ?" ಎಂದಳು ಅಮ್ಮ. "ಮನೇಲೇ ಶನಿವಾರ ಭಜನೆ ಇರತ್ತಲ್ಲ, ಅಲ್ಲಿ ಹಾಕು."

ಭಜನೆಯಲ್ಲಿ ತಾಳ ತಪ್ಪಿದರೆ ದೇವರು ನೋಡಿಕೊಳ್ಳುತ್ತಾನೆ. ಡ್ರಮ್ ಕೋರಿನಲ್ಲಿ ನೋಡಿಕೊಳ್ಳುತ್ತಿದ್ದವನು ತೀರ್ಪುಗಾರ. ಸ್ಪರ್ಧೆಯ ದಿನ ಆತ ದೂರದ ಕುರ್ಚಿಯಲ್ಲಿ ಕೂರುತ್ತಿರಲಿಲ್ಲ. ಮೈದಾನಕ್ಕೇ ಇಳಿದು, ನಮ್ಮ ಸಾಲುಗಳ ನಡುವೆ ಬೆಕ್ಕಿನಂತೆ ಸುಳಿದಾಡುತ್ತಿದ್ದ. ಒಂದು ಕೈಯಲ್ಲಿ ರಟ್ಟಿನ ಹಲಗೆ, ಪೆನ್ಸಿಲ್ಲು. ಹೆಗಲಿಗೆ ಟೇಪ್ ರೆಕಾರ್ಡರು, ಕಂಡ ತಪ್ಪನ್ನು ಅದರಲ್ಲಿ ಪಿಸುಗುಟ್ಟಲು. ತಡವಾದ ಒಂದು ಪೆಟ್ಟಿಗೆ, ನಿಂತಲ್ಲಿ ಕದಲಿದ ಒಂದು ಬೆರಳಿಗೆ ಒಂದು ಗೀಟು. ಆ ಗೀಟಿಗೆ ಟಿಕ್ಕು ಎಂದು ಹೆಸರು. ಪ್ರತಿ ಟಿಕ್ಕಿಗೂ ಅಂಕ ಕಡಿತ. ಮೂಗಿನ ಮೇಲೆ ನೊಣ ಕೂತರೆ ಅದಕ್ಕೆ ವಾಸಿಸುವ ಸಂಪೂರ್ಣ ಹಕ್ಕಿತ್ತು.

ಇಂಥ ಕಡೆಗೆ ನಾನು ಮೈಸೂರಿನಿಂದ ಒಂದು ಅಭ್ಯಾಸ ತಂದಿದ್ದೆ. ಪುಸ್ತಕಕ್ಕೋ ವಾದ್ಯಕ್ಕೋ ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳುವುದು. ಯೋಚಿಸಿ ಮಾಡುವುದಲ್ಲ, ಕೈಯೇ ಮಾಡಿಬಿಡುತ್ತದೆ. ಒಂದು ದಿನ ವಿರಾಮದಲ್ಲಿ ನೆಲಕ್ಕಿಟ್ಟ ಸಿಂಬಲ್ಲಿಗೆ ನನ್ನ ಷೂ ತಾಗಿತು, ಬಗ್ಗಿ ಕಣ್ಣಿಗೊತ್ತಿಕೊಂಡೆ. ನಮ್ಮ ಡ್ರಮ್ ಮಾಸ್ತರ, ಕುತ್ತಿಗೆಯಲ್ಲಿ ಸೀಟಿಯಿಲ್ಲದೆ ಯಾರೂ ಕಂಡಿರದ ವ್ಯಕ್ತಿ, ನೋಡಿದ. ಆಡಿದ್ದು ಇಂಗ್ಲಿಷು; ನನ್ನ ಕಿವಿಯಲ್ಲಿ ಉಳಿದಿರುವುದು ಕನ್ನಡ.

"ಏನದು?"

"ಕಾಲು ತಾಗ್ತು."

"ಅದಕ್ಕೇನ್ ನೋವಾಗಲ್ಲ."

"ಗೊತ್ತು."

"ಮತ್ತೆ?"

ಸಿಂಬಲ್ಲೆತ್ತಿಕೊಂಡು ಸಾಲಿಗೆ ಹೋಗಿ ನಿಂತೆ.

ಸಿಂಬಲ್ ಸಾಲಿನಲ್ಲಿ ನಾವು ಐವರು. ನನ್ನ ಎಡಕ್ಕೆ ನಿಲ್ಲುತ್ತಿದ್ದವಳು ಹೇವರ್ಡ್‌ನವಳೇ, ಬಾಗಿಲ ಚೌಕಟ್ಟಿನಷ್ಟು ಎತ್ತರ, ಪಟ್ಟಿಗೆ ಗಂಟು ಹಾಕುವುದನ್ನು ನನಗೆ ಕಲಿಸಿಕೊಟ್ಟವಳು. ಪ್ರತಿಯಾಗಿ ನನ್ನಿಂದ ಅವಳು ಕಲಿತದ್ದು ಇದು. ಮೊದಲು ತಮಾಷೆಗೆ. ಕೋಕ್ ಡಬ್ಬಕ್ಕೆ ಕಾಲು ತಾಗಿದರೂ ಕಣ್ಣಿಗೊತ್ತಿಕೊಳ್ಳುವಳು, ಮಾಸ್ತರನ ಕಾರಿನ ಚಕ್ರಕ್ಕೂ. ಕೈಯಲ್ಲಿ ಸಿಂಬಲ್ ಇದ್ದರೆ ಬಗ್ಗಲಾಗದು. ಆಗ ಬಲಗೈಯನ್ನು ಸಿಂಬಲ್ ಸಮೇತ ಕೆಳಗೆ ತೋರಿಸಿ ಹಣೆಗೆ ಎತ್ತುವ ಒಂದು ಸಂಕ್ಷಿಪ್ತ ವಿಧಿಯನ್ನೂ ಕಂಡುಹಿಡಿದಳು. ಶಾಸ್ತ್ರದಲ್ಲಿ ಇಲ್ಲದ್ದು.

"ನಿಮ್ಮ ದೇವ್ರಿಗೆ ನನ್ನ ಹೆಸ್ರು ಹೇಳಿಡೇ, ಬೇಕಾಗತ್ತೆ," ಎನ್ನುತ್ತಿದ್ದಳು.

ಎರಡು ತಿಂಗಳಲ್ಲಿ ತಮಾಷೆ ಸವೆದುಹೋಯಿತು, ಅಭ್ಯಾಸ ಉಳಿಯಿತು. ನಾನದನ್ನು ಗಮನಿಸಿದ್ದೆ. ಸ್ವಲ್ಪ ಹೆಮ್ಮೆಯೂ ಆಗಿತ್ತು, ಸುಳ್ಳೇಕೆ ಹೇಳಲಿ.

ಜೂನ್ ಬಂತು. ಬೇಸಿಗೆಯಿಡೀ ಊರೂರಿಗೆ ಹೋಗಿ ಸ್ಪರ್ಧಿಸುವ ಪ್ರವಾಸದ ಬಸ್ಸು ಸೋಮವಾರ ಹೊರಡುವುದಿತ್ತು. ಮಾಸ್ತರ ಸಿಂಬಲ್ ಸಾಲನ್ನು ಕರೆದು ಹೇಳಿದ: "ಬಸ್ಸಲ್ಲಿ ನಿಮಗೆ ನಾಲ್ಕೇ ಸೀಟು. ಶನಿವಾರ ಗಿಲ್‌ರಾಯ್‌ನಲ್ಲಿ ಯಾರಿಗೆ ಜಾಸ್ತಿ ಟಿಕ್ಕೋ ಅವರು ಮನೇಲಿ. ನಂಗೆ ಯಾರ ಮೇಲೂ ಪ್ರೀತಿಯಿಲ್ಲ."

ಇಪ್ಪತ್ತೊಂದು ತುಂಬಿದ ಮೇಲೆ ಕೋರಿನಲ್ಲಿ ಜಾಗವಿಲ್ಲ, ಅದು ನಿಯಮ. ಎತ್ತರದವಳಿಗೆ ಅದೇ ಕೊನೆಯ ಬೇಸಿಗೆ. ಹಿಂದಿನ ಎರಡು ವರ್ಷವೂ ಕೆಲಸ ಬಿಡಲಾಗದೆ ಪ್ರವಾಸ ತಪ್ಪಿಸಿಕೊಂಡಿದ್ದಳು. ನನಗಿನ್ನೂ ನಾಲ್ಕು ಬೇಸಿಗೆ ಬಾಕಿ ಇದ್ದವು.

ಗಿಲ್‌ರಾಯ್ ಬೆಳ್ಳುಳ್ಳಿಯ ಊರು. ಬೆಳ್ಳುಳ್ಳಿ ಹೊಸ್ತಿಲು ದಾಟದ ಮನೆಯವಳ ಭವಿಷ್ಯ ಅಲ್ಲಿಯೇ ತೀರ್ಮಾನವಾಗಬೇಕೆಂದು ಬರೆದಿತ್ತು. ಅಪ್ಪ ಅಮ್ಮ ಮೊದಲ ಸಲ ನೋಡಲು ಬಂದಿದ್ದರು. ಅಮ್ಮ ಮೆಟ್ಟಿಲ ಸಾಲಿನಲ್ಲಿ ಸೆರಗನ್ನು ಮೂಗಿಗೆ ಹಿಡಿದೇ ಕೂತಿದ್ದಳು. ಮಧ್ಯಾಹ್ನ ಮೂರರ ಬಿಸಿಲು, ಕಾಂಕ್ರೀಟಿನಂಥ ಒಣ ಮೈದಾನ. ಶುರುವಿನಲ್ಲೇ ನನ್ನದೊಂದು ಪೆಟ್ಟು ಕೂದಲೆಳೆಯಷ್ಟು ತಡವಾಯಿತು. ಪೆನ್ಸಿಲ್ ಗೀಚಿದ ಸದ್ದು ಕೇಳಿಸಿತೆಂದು ಇಂದಿಗೂ ಆಣೆ ಮಾಡಬಲ್ಲೆ.

ನಮ್ಮ ಆಟದ ನಡುವೆ ಒಂದು ಮೌನವಿತ್ತು. ಇಡೀ ಕೋರ್ ತಟ್ಟನೆ ನಿಂತು ಹದಿನಾರು ಎಣಿಕೆ ಕಲ್ಲಾಗಬೇಕು. ನಿಂತೆವು. ಎರಡು, ಮೂರು. ನಾಲ್ಕಕ್ಕೆ ನನ್ನ ಬೆನ್ನ ಹಿಂದಿನ ಡ್ರಮ್ ಹುಡುಗನ ಬೆವರುಗೈಯಿಂದ ಕೋಲು ಜಾರಿ ಬಿತ್ತು. ನೆಲಕ್ಕೆ ಪುಟಿದು ಬಂದು ನನ್ನ ಷೂಗೆ ತಾಗಿತು.

ತೀರ್ಪುಗಾರ ಎರಡು ಮಾರು ದೂರದಲ್ಲಿದ್ದ. ಸದ್ದಿಗೆ ತಿರುಗಿದ.

ಹದಿನೇಳು ವರ್ಷದ ಸಂಸ್ಕಾರ ಬಲಗೈಗೆ ಇಳಿಯಿತು. ಪಟ್ಟಿಯೊಳಗೆ ಬೆರಳು ಬಿಗಿದವು. ಐದು, ಆರು. ಮೊಣಕೈ ತನ್ನಷ್ಟಕ್ಕೆ ಮಡಚಿಕೊಳ್ಳಲು ಹೊರಟಿತು, ನಾನು ಹಲ್ಲು ಕಚ್ಚಿ ಅದನ್ನು ಕೆಳಗೇ ಒತ್ತಿ ಹಿಡಿದೆ. ಏಳು. ಕೋಲು ನನ್ನ ಷೂ ಬಿಟ್ಟು ಎಡಕ್ಕೆ ಉರುಳಿತು, ಮೆಲ್ಲಗೆ, ಮಾಡಲು ಬೇರೆ ಕೆಲಸವಿಲ್ಲದ ಹಾಗೆ, ಹೋಗಿ ಎತ್ತರದವಳ ಷೂಗೆ ತಾಗಿತು. ಎಂಟು. ಎಡಗಣ್ಣಿನ ಅಂಚಿನಲ್ಲಿ ಬೆಳಕು ಫಳಕ್ಕೆಂದಿತು. ಅವಳ ಕಂಚು ಒಮ್ಮೆ ಕೆಳಗಿಳಿದು ಹಣೆಯವರೆಗೆ ಎದ್ದು ಸೂರ್ಯನನ್ನು ಹಿಡಿದಿತ್ತು. ಇಡೀ ಗಿಲ್‌ರಾಯ್‌ಗೆ ಕಂಡಿರಬೇಕು.

ಆಟ ಮುಗಿದು ಸ್ವಲ್ಪ ಹೊತ್ತಿಗೆ ತೀರ್ಪಿನ ಕ್ಯಾಸೆಟ್ಟು ಮಾಸ್ತರನ ಕೈಗೆ ಬಂತು. ಕಾರಿನ ಬಾನೆಟ್ಟಿನ ಮೇಲೆ ಟೇಪ್ ಇಟ್ಟು, ಎಲ್ಲರೂ ಸುತ್ತ ನಿಂತೆವು. ಡ್ರಮ್ಮಿನ ಗದ್ದಲ, ನಡುವೆ ಪಿಸುದನಿ. ನನ್ನ ಟಿಕ್ಕು ಬಂತು. ಅವಳದೊಂದು ಬಂತು, ಎಲ್ಲೋ ತಡವಾದದ್ದು. ಉಳಿದ ಮೂವರದು ತಲಾ ಒಂದೋ ಸೊನ್ನೆಯೋ. ಆಮೇಲೆ ಮೌನ.

"ಸ್ನೇರ್ ಡ್ರಮ್ಮು, ಕೋಲು ಬಿತ್ತು, ಟಿಕ್," ಎಂದಿತು ಟೇಪು. "ಸಿಂಬಲ್, ಎತ್ತರದವಳು... ಇದೇನು? ಸೆಲ್ಯೂಟಾ?... ಟಿಕ್."

ಉಳಿದರ್ಧದಲ್ಲಿ ಸಿಂಬಲ್ ಸಾಲಿಗೆ ಇನ್ನೊಂದು ಟಿಕ್ಕೂ ಬರಲಿಲ್ಲ. ಮಾಸ್ತರ ಟೇಪು ನಿಲ್ಲಿಸಿದ. ಅವಳು ಗ್ಲವ್ಸ್ ಬಿಚ್ಚತೊಡಗಿದಳು, ಒಂದೊಂದೇ ಬೆರಳು.

"ಅದು ನನ್ನ ತಪ್ಪು. ನಾನು ಕಲ್ಸಿದ್ದು," ಎಂದೆ.

"ನಿನ್ನ ಷೂಗೂ ತಾಗ್ತಲ್ಲ," ಎಂದ ಮಾಸ್ತರ. "ನೀನು ಮಾಡ್ದ್ಯಾ?"

"ಇಲ್ಲ."

"ಯಾಕೆ?"

"ತಡ್ಕೊಂಡೆ."

"ಹಾಗಾದ್ರೆ ಸೀಟು ನಿಂದು."

ಮುಂದಿನ ವಾಕ್ಯ ನನ್ನ ಬಾಯಲ್ಲಿ ಸಿದ್ಧವಿತ್ತು: ಅವಳು ಹೋಗಲಿ, ನಾನಿರುತ್ತೇನೆ. ಚಿಕ್ಕ ವಾಕ್ಯ. ಕೈಯನ್ನು ತಡೆದಷ್ಟೇ ಚೆನ್ನಾಗಿ ಅದನ್ನೂ ತಡೆದೆ, ಈ ಸಲ ಹಲ್ಲು ಕಚ್ಚುವ ಅಗತ್ಯವೂ ಬೀಳಲಿಲ್ಲ.

ವಾಪಸು ಬರುವಾಗ ಕಾರಿನಲ್ಲಿ ಅಮ್ಮ ಸೆರಗು ಇಳಿಸಿ ಮೊದಲು ಆಡಿದ ಮಾತು: "ಆ ಉದ್ದದ ಹುಡುಗಿ ಯಾರೇ? ಕೋಲಿಗೆ ಕಾಲು ತಾಗಿದ್ದಕ್ಕೆ ಎಷ್ಟು ಚೆನ್ನಾಗಿ ಕಣ್ಣಿಗೊತ್ಕೊಂಡ್ಳು! ನಿನಗೂ ತಾಗಿತ್ತಲ್ಲ, ಕಂಬದ ಹಾಗೆ ನಿಂತಿದ್ದೆ. ಮರ್ತೇ ಹೋಯ್ತೇನೇ?"

ಅಪ್ಪ ಕನ್ನಡಿಯಲ್ಲಿ ನನ್ನ ಮುಖ ನೋಡಿ ರೇಡಿಯೋ ಹಾಕಿದರು.

ಸೋಮವಾರ ಬೆಳಿಗ್ಗೆ ಅವಳು ಬಂದಿದ್ದಳು, ಸಾಮಾನು ಏರಿಸಲು. ಬರಬೇಕೆಂದು ಯಾರೂ ಹೇಳಿರಲಿಲ್ಲ. ನಾನು ಕಿಟಕಿಯ ಪಕ್ಕ ಕೂತಿದ್ದೆ. ಇಳಿದು ಕೈಜೋಡಿಸಬಹುದಿತ್ತು, ಕೂತೇ ಇದ್ದೆ. ಸಿಂಬಲ್ ಚೀಲವನ್ನು ಬಸ್ಸಿನ ಹೊಟ್ಟೆಗೆ ತಳ್ಳುವಾಗ ಅವಳ ಮೊಣಕಾಲು ಅದಕ್ಕೆ ತಾಗಿತು. ಮುಟ್ಟಿ ಕಣ್ಣಿಗೊತ್ತಿಕೊಂಡಳು. ಆಮೇಲೆ ತಲೆಯೆತ್ತಿ, ನಾನು ನೋಡುತ್ತಿರುವುದನ್ನು ನೋಡಿ, ಗಾಜಿನ ಮೇಲೆ ಬೆರಳಲ್ಲಿ ತಟ್ಟಿ ಕೂಗಿದಳು:

"ಇದಕ್ಕೆಷ್ಟೇ, ಟಿಕ್ಕು?"

ಡ್ರೈವರ್ ಬಾಗಿಲು ಹಾಕಿದ.